ನೀರು ನಿಲ್ಲುವ ಮೂಲೆಗೊಂದು ಐರಿಸ್

ಚೆನ್ನೈನ ಗಿಂಡಿಯಲ್ಲಿ ಎರಡು ದಿನದ ತರಬೇತಿ ಮುಗಿದಿತ್ತು. ಮೈಸೂರಿನ ರೈಲಿಗೆ ಇನ್ನೂ ಐದು ಗಂಟೆ. ಹೋಗಬಾರದು, ಹೋಗಬಾರದು ಎಂದು ಬೆಳಗ್ಗೆಯಿಂದ ಅಂದುಕೊಳ್ಳುತ್ತಲೇ ಇದ್ದವಳು ಕೊನೆಗೆ ಮೆಟ್ರೋ ಹತ್ತಿ ಅಣ್ಣಾ ನಗರದಲ್ಲಿ ಇಳಿದೆ. ನಾವಿದ್ದ ಮನೆ ಇರಲಿಲ್ಲ. ಅಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ, ಹಿತ್ತಲಿದ್ದ ಕಡೆ ಕಾರು ನಿಲ್ಲಿಸುವ ಜಾಗ. ಸ್ವಲ್ಪ ಹೊತ್ತು ನಿಂತು ನೋಡಿದೆ. ಏನೂ ಅನ್ನಿಸಲಿಲ್ಲ. ಸಮಾಧಾನದಿಂದ ತಿರುಗಿದಾಗ ಎದುರು ಮನೆಯ ಗೇಟಿನಲ್ಲಿ ಮಾಲಿಯೊಬ್ಬ ಕುಂಡ ಬೋರಲು ಹಾಕಿ ಯಾವುದೋ ಗಡ್ಡೆ ಬಿಡಿಸುತ್ತಿದ್ದ. ಆಗಷ್ಟೇ ಮಳೆ ಹನಿಸಿ ನಿಂತಿತ್ತು. ಗಡ್ಡೆ ಮುರಿದಲ್ಲಿಂದ ಹಸಿ ಆಲೂಗಡ್ಡೆಯ ಸಿಪ್ಪೆಯಂಥ, ಕೆಸರಿನಂಥ ವಾಸನೆ ಬಂತು. ಅದರ ಅಡಿಯಲ್ಲೆಲ್ಲೋ ಸಣ್ಣಗೆ ಒಂದು ಸಿಹಿ.

ನನ್ನ ಅಂಗಾಲು ತಣ್ಣಗಾಯಿತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ.

ಆ ಮನೆಯ ಮಾಲಕಿ ಇಂದಿರಮ್ಮ ತೀರಿಕೊಂಡು ವರ್ಷವಾಯಿತು. ಅವರು ಇರುವವರೆಗೆ ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನನ್ನ ಗಂಡನಿಗೂ ಪೂರ್ತಿ ಹೇಳಿರಲಿಲ್ಲ.

ಬ್ಯಾಂಕಿನವರು ನನ್ನನ್ನು ಚೆನ್ನೈಗೆ ವರ್ಗ ಮಾಡಿದ ವರ್ಷ ಅದು. ನನ್ನ ಗಂಡ ಪ್ರಕಾಶ್ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರಾಗಿ ಅದಾಗಲೇ ಎರಡು ವರ್ಷದಿಂದ ಒಬ್ಬರೇ ಇದ್ದರು. ಮಗಳು ನಿಧಿಯನ್ನು ಏಳನೇ ಕ್ಲಾಸಿಗೆ ಸೇರಿಸಿ ಮೂವರೂ ಒಟ್ಟಿಗೆ ಇರೋಣವೆಂದು ಅಣ್ಣಾ ನಗರದಲ್ಲಿ ಮನೆ ಹುಡುಕಿದೆವು. ಮಾಲಕಿ ಇಂದಿರಮ್ಮ ಕನ್ನಡದವರು. ಗಂಡ ರೈಲ್ವೇಯಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕುಟುಂಬವಾದ್ದರಿಂದ ಅವರ ಕನ್ನಡದ ತುಂಬ ತಮಿಳು. ಅವರು ಮಹಡಿಯ ಮೇಲೆ, ನಾವು ಕೆಳಗೆ.

ಮನೆ ನೋಡಿದ ದಿನವೇ ನನ್ನ ಕಣ್ಣು ಹೋದದ್ದು ಹಿತ್ತಲಿಗೆ. ಒಂದು ಕೋಣೆಯಷ್ಟು ಅಗಲದ ಮಣ್ಣು, ಸುತ್ತ ಕಾಂಪೌಂಡು, ನಡುವೆ ಇಟ್ಟಿಗೆ ಹಾಸಿದ ದಾರಿ. ಒಂದು ಕಡೆ ನುಗ್ಗೆಮರದ ನೆರಳು. ಈಶಾನ್ಯದ ಮೂಲೆ ಸ್ವಲ್ಪ ತಗ್ಗು, ಅಲ್ಲಿ ಬೋರ್‌ವೆಲ್, ಅದರ ಪಕ್ಕ ತಗಡಿನ ಮುಚ್ಚಳದಡಿ ಮೋಟಾರು.

“ಗಿಡ ಹಾಕಬಹುದಾ ಅಮ್ಮಾ?” ಎಂದು ಕೇಳಿದೆ.

“ಹಾಕು ಮಾ, ಎಲ್ಲಾ ನಿಂದೇ. ಆ ಮೂಲೆ ಮಾತ್ರ ವೇಣಾಂ. ಅಲ್ಲಿ ಬೇಡ,” ಎಂದರು ಇಂದಿರಮ್ಮ. ಹಾಗೆ ಹೇಳುವಾಗ ಅವರು ಆ ಮೂಲೆಯ ಕಡೆ ನೋಡಲಿಲ್ಲ. ಹಿತ್ತಲ ಬಾಗಿಲಿನ ಹೊಸ್ತಿಲು ದಾಟಿ ಹೊರಗೆ ಕಾಲಿಡಲೂ ಇಲ್ಲ.

ನನಗೆ ಐರಿಸ್ ಹುಚ್ಚು ಹಿಡಿದದ್ದು ಕಾಶ್ಮೀರದಲ್ಲಿ. ಬ್ಯಾಂಕಿನ ರಜೆ ಸೌಲಭ್ಯದಲ್ಲಿ ಹೋಗಿದ್ದಾಗ ರಸ್ತೆಯಿಂದ ಇಳಿಜಾರಿನುದ್ದಕ್ಕೂ ನೇರಳೆ ಹೂವು ಕಂಡು ಟ್ಯಾಕ್ಸಿ ನಿಲ್ಲಿಸಿದೆ. ಕತ್ತಿಯಂಥ ಎಲೆ, ಮೂರು ದಳ ಮೇಲಕ್ಕೆ, ಮೂರು ಕೆಳಕ್ಕೆ. ಹತ್ತಿರ ಹೋದಾಗ ಹೂವಿನ ನಡುವೆ ಕಲ್ಲುಗಳು ಕಂಡವು. ಸ್ಮಶಾನ. “ನಮ್ಮ ಕಡೆ ಗೋರಿಯ ಮೇಲೆ ಇದನ್ನೇ ನೆಡೋದು ಮೇಡಂ,” ಎಂದಿದ್ದ ಡ್ರೈವರ್. ಸ್ವಂತ ಮಣ್ಣು ಅಂತ ಒಂದಿಷ್ಟು ಸಿಕ್ಕರೆ ಇದನ್ನು ಬೆಳೆಸುತ್ತೇನೆ ಎಂದುಕೊಂಡಿದ್ದೆ. ಬಾಡಿಗೆಯದಾದರೂ ಈಗ ಮಣ್ಣು ಸಿಕ್ಕಿತ್ತು.

ಜೂನ್ ತಿಂಗಳಲ್ಲಿ ಕಾಶ್ಮೀರದ್ದೇ ಜಾತಿಯ ಗಡ್ಡೆಗಳನ್ನು ತರಿಸಿದೆ. ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕೆಂದು ಓದಿದ್ದರಿಂದ ತುಳಸಿಕಟ್ಟೆಯ ಬಲಕ್ಕೆ ನೆಟ್ಟೆ. ಚೆನ್ನೈ ಅವಕ್ಕೆ ಒಂದು ತಿಂಗಳು ಕೊಟ್ಟಿತು. ಎಲೆ ಹಳದಿಯಾಗಿ ಬುಡದಿಂದ ಜಾರಿ ಬಂದವು. ಅಗೆದು ನೋಡಿದರೆ ಗಡ್ಡೆಗಳು ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿದ್ದವು. ಅವನ್ನು ಬಳಿದು ತೆಗೆಯುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ಗಿಡದ ಹೆಸರು ಬರೆದು ನೆಡುವಂಥ, ಒಂದು ಬೆರಳುದ್ದದ ಅಲ್ಯೂಮಿನಿಯಂ ಪಟ್ಟಿ. ತೊಳೆದೆ. ಅದರ ಮೇಲೆ ಮೊಳೆಯಿಂದ ಗೀಚಿದ ಕನ್ನಡ ಅಕ್ಷರಗಳಿದ್ದವು.

‘ಕಾಶ್ಮೀರದ್ದು. ಕೊಳೆಯಿತು.’

ತಮಿಳುನಾಡಿನ ಮಣ್ಣಿನಡಿಯಿಂದ ಕನ್ನಡದಲ್ಲಿ ಯಾರೋ ನನಗೆ ನಡೆದ ಸಂಗತಿಯನ್ನು ನನಗೇ ಹೇಳಿದ ಹಾಗಾಯಿತು. ನಗು ಬಂತು, ಅರ್ಧಕ್ಕೇ ನಿಂತಿತು. ಸಂಜೆ ಪಟ್ಟಿಯನ್ನು ಇಂದಿರಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳದೆಯೇ ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. ಅದನ್ನು ಹಿಡಿದೇ ಒಳಗೆ ಹೋದರು. ಪಟ್ಟಿಯನ್ನು ಹಿಂದಕ್ಕೆ ಕೊಡಲಿಲ್ಲ.

ಆಮೇಲೆ ನರ್ಸರಿಯೊಂದರ ಯಜಮಾನರು ನನಗೆ ಪಾಠ ಹೇಳಿದರು. ದಳದ ಮೇಲೆ ಗಡ್ಡದಂಥ ಕೂದಲಿರುವ ಕಾಶ್ಮೀರದ ಐರಿಸ್ ಚಳಿ ಬೇಡುತ್ತದೆ, ಇಲ್ಲಿ ಆಗದು. ಚೆನ್ನೈ ಬಿಸಿಲಿಗೆ ಬಾಗದ್ದು ಬೇಕಾದರೆ ಚುಕ್ಕೆಯದ್ದು ಹಾಕಿ ಎಂದರು. ಕಿತ್ತಳೆ ಬಣ್ಣದ ಆರು ದಳ, ಮೇಲೆ ಕುಂಕುಮ ಸಿಡಿಸಿದಂತೆ ಕೆಂಪು ಚುಕ್ಕೆ. ಹೂವು ಹೋದ ಮೇಲೆ ಕಾಯಿ ಒಡೆದು ಕರಿಮಣಿಯಂಥ ಬೀಜದ ಗೊಂಚಲು. ಮೊದಲು ಬೇರೆ ಕುಲದಲ್ಲಿ ಇದ್ದದ್ದನ್ನು ಈಗ ಐರಿಸ್‌ಗೇ ಸೇರಿಸಿದ್ದಾರಂತೆ. ಮೂರು ಸಸಿ ತಂದೆ. ಇಡೀ ದಿನ ಬಿಸಿಲು ಕಾಯುವ ಪಶ್ಚಿಮದ ಗೋಡೆಯ ಪಕ್ಕ ಗುಂಡಿ ತೋಡಿದೆ. ಎರಡನೇ ಗುಂಡಿಯಲ್ಲಿ ಗುದ್ದಲಿಗೆ ಏನೋ ತಗುಲಿ ಟಣ್ ಎಂದಿತು.

‘ಚುಕ್ಕೆ ಕಿತ್ತಳೆ. ಗೋಡೆ ಪಕ್ಕ.’

ಈ ಸಲ ನಗು ಬರಲಿಲ್ಲ. ಪಟ್ಟಿಯನ್ನು ಸೆರಗಿನಲ್ಲಿ ಒರೆಸಿಕೊಂಡು ನೇರ ಮೇಲೆ ಹೋಗಿ ಕೇಳಿದೆ. “ಯಾರಮ್ಮಾ ಇದನ್ನ ಬರೆದದ್ದು?”

ಇಂದಿರಮ್ಮ ಹೂ ಕಟ್ಟುತ್ತಿದ್ದರು. ದಾರ ಕೈಯಲ್ಲೇ ನಿಂತಿತು. “ಲಲಿತಾ. ನನ್ನ ತಂಗಿ,” ಎಂದರು. “ಕಾಲೇಜಲ್ಲಿ ಬಾಟನಿ ಪಾಠ ಮಾಡ್ತಾ ಇದ್ದಳು. ಮದುವೆ ಬೇಡ ಅಂದುಟ್ಟಳು. ನೀವಿರೋ ಪೋರ್ಷನ್ನಲ್ಲೇ ಇದ್ದದ್ದು. ಹೋಗಿ ಹನ್ನೊಂದು ವರ್ಷ ಆಯ್ತು ಮಾ.”

“ಏನಾಗಿತ್ತು ಅವರಿಗೆ?”

“ಹಾರ್ಟ್. ಮಳೆಗಾಲ. ಬೆಳಗ್ಗೆ ತೋಟಕ್ಕೆ ಹೋದವಳು ಅಲ್ಲೇ ಬಿದ್ದಿದ್ದಳು.” ಎಲ್ಲಿ ಎಂದು ನಾನು ಕೇಳಬೇಕಾಗಿರಲಿಲ್ಲ. ಅವರೇ ಮುಂದುವರಿಸಿದರು. “ಆವತ್ತು ಬೆಳಗ್ಗೆ ನಾನು ಒಂದು ಮಾತು ಅಂದೆ. ಅಕ್ಕ ತಂಗಿಗೆ ಆಡೋ ಮಾತಲ್ಲ. ಅದರಿಂದಲೇ ಅವಳ ಹಾರ್ಟ್ ನಿಂತುಹೋಯ್ತು. ಡಾಕ್ಟರ್ ಹಾಗೆ ಹೇಳಲಿಲ್ಲ, ಆದರೆ ನನಗೆ ತೆರಿಯುಂ. ಗೊತ್ತು ನನಗೆ.”

ಹಾಗೆಲ್ಲ ಆಗುವುದಿಲ್ಲ ಅಮ್ಮಾ ಎಂದೆ. ಅವರು ಮತ್ತೆ ಹೂ ಕಟ್ಟತೊಡಗಿದರು.

ರಾತ್ರಿ ಊಟ ಮಾಡುವಾಗ ಪ್ರಕಾಶ್‌ಗೆ ಹೇಳಿದರೆ ಅವರು ಲೆಕ್ಕದ ಹಾಗೆ ಬಿಡಿಸಿಟ್ಟರು. “ಬಿಸಿಲಿರೋದು ಒಂದು ಕಡೆ, ನೆರಳಿರೋದು ಒಂದು ಕಡೆ. ಐರಿಸ್ ಗೊತ್ತಿರೋರು ಯಾರೇ ಬಂದ್ರೂ ಅದನ್ನೇ ಅಲ್ಲಲ್ಲೇ ಹಾಕ್ತಾರೆ ಕಣೆ. ಇದರಲ್ಲಿ ವಿಚಿತ್ರ ಏನಿದೆ?”

ಸರಿಯಾದ ಮಾತು. ನಾನೂ ಒಪ್ಪಿದೆ. ಸೆಪ್ಟೆಂಬರ್‌ವರೆಗೆ ಒಪ್ಪಿಕೊಂಡೇ ಇದ್ದೆ.

ಸೆಪ್ಟೆಂಬರಿನಲ್ಲಿ ನುಗ್ಗೆಮರದಡಿಯ ನೆರಳಿಗೆ ಗಿಡ ಆರಿಸಬೇಕಿತ್ತು. ಎರಡು ಜಾತಿ ಮನಸ್ಸಿನಲ್ಲಿದ್ದವು. ಒಂದು ಆಫ್ರಿಕಾದ್ದು, ಚಿಟ್ಟೆ ಕೂತಂತೆ ಕಾಣುವ ಬಿಳಿ ಹೂವು. ಇನ್ನೊಂದು ನಡೆಯುವ ಐರಿಸ್. ಅದರ ನೀಲಿ ಹೂವು ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಹೂವಿದ್ದ ದಂಟಿನ ತುದಿಯಲ್ಲಿ ಮರಿ ಹುಟ್ಟಿ, ಅದರ ಭಾರಕ್ಕೆ ದಂಟು ಬಾಗಿ ನೆಲ ಮುಟ್ಟಿ, ಅಲ್ಲೇ ಬೇರು ಬಿಡುತ್ತದೆ. ಹೀಗೆ ಗಿಡ ವರ್ಷಕ್ಕೊಂದು ಮೊಳ ಮುಂದೆ ಹೋಗುತ್ತದೆ. ನನಗೇಕೋ ಅದು ಬೇಡವೆನ್ನಿಸಿ ಬಿಳಿಯದನ್ನೇ ತಂದು ಮರದ ಬುಡದಲ್ಲಿಟ್ಟೆ. ಶಾಲೆಯಿಂದ ಬಂದ ನಿಧಿ ಮೂತಿ ಉಬ್ಬಿಸಿದಳು. ನಾನು ಕನ್ನಡದಲ್ಲಿ ಮಾತಾಡಿಸಿದರೂ ಅಷ್ಟು ಹೊತ್ತಿಗೆ ಅವಳ ಬಾಯಲ್ಲಿ ತಮಿಳೇ.

“ಅಮ್ಮಾ, ವೈಟ್ ಬೋರ್ ಮಾ. ಅಂದ ಬ್ಲೂ ನಲ್ಲಾ ಇರುಂದುದು. ಅದು ನಡಕ್ಕುಂ ತಾನೇ?”

ನರ್ಸರಿಯಲ್ಲಿ ನೋಡಿದ್ದ ಆ ನೀಲಿಯೇ ಚೆನ್ನಾಗಿತ್ತಂತೆ. ಅದು ನಡೆಯುತ್ತದೆ ಎಂಬುದೇ ಅವಳಿಗೆ ಹಿಡಿಸಿತ್ತು. ಮರುದಿನ ಬಿಳಿಯದನ್ನು ಹಿಂದಕ್ಕೆ ಕೊಟ್ಟು ನೀಲಿಯದನ್ನು ತಂದೆ. ನಿಧಿಯೇ ಗುಂಡಿ ತೋಡಿದಳು. ಮೊಣಕೈಯವರೆಗೆ ಮಣ್ಣು ಮಾಡಿಕೊಂಡು ಒಳಗಿನಿಂದ ಅವಳು ಹೆಕ್ಕಿ ಕೊಟ್ಟ ಪಟ್ಟಿಯನ್ನು ನಾನು ನೋಡಲೋ ಬೇಡವೋ ಎಂದು ಹಿಡಿದುಕೊಂಡೇ ನಿಂತಿದ್ದೆ. ನೋಡಿದೆ.

‘ಬಿಳಿ ಚಿಟ್ಟೆ’ ಎಂದು ಬರೆದು ಅದರ ಮೇಲೆ ಎರಡು ಗೆರೆ ಎಳೆದಿತ್ತು. ಕೆಳಗೆ, ‘ನೀಲಿ. ನಡೆಯುವುದು. ನೆರಳಿಗೆ.’

ಬಿಸಿಲು ನೆರಳಿನ ಲೆಕ್ಕ ಇಷ್ಟು ದೂರ ಬರುತ್ತದೆಯೇ? ನಾನು ಮನಸ್ಸು ಬದಲಿಸಿದ್ದು ಹಿಂದಿನ ದಿನ. ಲಲಿತಾ ಬದಲಿಸಿದ್ದು ಹನ್ನೊಂದು ವರ್ಷಕ್ಕೂ ಹಿಂದೆ. ಅವತ್ತಿನಿಂದ ತೋಟಕ್ಕೆ ಇಳಿದರೆ ನನ್ನ ಕೈಗಳು ನನ್ನವಲ್ಲ ಅನ್ನಿಸತೊಡಗಿತು. ನೀರು ಹಾಕುವಾಗ ತಲೆಯೆತ್ತಿದರೆ ಮೇಲಿನ ಕಿಟಕಿಯಲ್ಲಿ ಇಂದಿರಮ್ಮ ನಿಂತಿರುತ್ತಿದ್ದರು. ಅವರು ನನ್ನನ್ನು ನೋಡುತ್ತಿದ್ದಾರೋ, ನಾನು ಬಗ್ಗಿ ಕೂತ ರೀತಿಯಲ್ಲಿ ಇನ್ನೊಬ್ಬರನ್ನು ನೋಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

ಅಕ್ಟೋಬರ್ ಕೊನೆಗೆ ಹಿಂಗಾರು ಹಿಡಿಯಿತು. ಚೆನ್ನೈ ಮಳೆ ನಮ್ಮ ಕಡೆಯ ಸೋನೆಯಲ್ಲ. ಸಮುದ್ರದ ಕಡೆಯಿಂದ ಕಪ್ಪಾಗಿ ಎದ್ದು ಬಂದು ಎರಡು ದಿನ ಸುರಿದು, ಮೂರನೇ ದಿನ ಏನೂ ಆಗದವರ ಹಾಗೆ ಬಿಸಿಲು ಕಾಯುವುದು. ಈಶಾನ್ಯದ ತಗ್ಗಿನಲ್ಲಿ ನೀರು ನಿಂತಿತು.

ಎರೆಹುಳಗಳನ್ನು ನೋಡಿದ್ದು ಆಗ. ಬೆಳಗ್ಗೆ ಆರು ಗಂಟೆಗೆ ಹಿತ್ತಲ ಬಾಗಿಲು ತೆಗೆದರೆ ಇಟ್ಟಿಗೆಯ ದಾರಿಯ ಮೇಲೆ ಅವು ನೂರಾರು. ಮಳೆಗೆ ಎರೆಹುಳ ಮೇಲೆ ಬರುವುದು ಸಹಜ. ಆದರೆ ಇವು ಎಲ್ಲೆಂದರಲ್ಲಿ ಇರಲಿಲ್ಲ. ಎಲ್ಲವೂ ಆ ಮೂಲೆಯಿಂದ ಹೊರಟು, ಆ ಮೂಲೆಗೆ ಬೆನ್ನು ಮಾಡಿ, ಒಂದರ ಮೇಲೊಂದು ಹತ್ತಿ ಮನೆಯ ಕಡೆಗೆ ಬರುತ್ತಿದ್ದವು. ಕೆಲವು ಗೋಡೆ ಹತ್ತಿದ್ದವು. ಕಾಫಿ ಮಾಡಿಕೊಂಡು ಅರ್ಧ ಗಂಟೆಯ ಮೇಲೆ ಬಂದು ನೋಡಿದರೆ ಒಂದೂ ಇಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದವು. ಅದರ ಮರುದಿನವೂ. ಇಂದಿರಮ್ಮ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಹೊತ್ತು ಅದು. ಮೋಟಾರಿನ ಗುಂಯ್ ಸದ್ದಿನಲ್ಲಿ ಹುಳಗಳು ಮೌನವಾಗಿ ಹರಿಯುತ್ತಿದ್ದವು. ಆ ಸದ್ದಿಗೂ ಹುಳಗಳಿಗೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ. ಒಂದು ಬೆಳಗ್ಗೆ ತುಳಸಿಯ ಬುಡ ಕೆದಕುತ್ತಿದ್ದಾಗ ಗುದ್ದಲಿ ಹಿಡಿದ ಕೈ ಮೊಣಕೈವರೆಗೆ ಜುಮ್ಮೆಂದಿತು. ಯಾರೋ ಬೆರಳು ಹಿಡಿದು ಮೆಲ್ಲಗೆ ಎಳೆದ ಹಾಗೆ. ವಿಟಮಿನ್ ಕಡಿಮೆಯಾಗಿರಬೇಕು, ರಕ್ತ ಪರೀಕ್ಷೆ ಮಾಡಿಸು ಎಂದರು ಪ್ರಕಾಶ್. ಹೆದರಿಕೆಯನ್ನು ಹೆದರಿಕೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ. ಜುಮ್ಮೆಂದದ್ದು ಕರೆಂಟು ಎಂದು ಎಂಜಿನಿಯರನ ಹೆಂಡತಿಗೆ ಯಾಕೆ ಅನ್ನಿಸಲಿಲ್ಲವೋ! ನಾನು ಬೇರೆಯದನ್ನೇ ನಂಬಲು ಸಿದ್ಧಳಾಗಿಬಿಟ್ಟಿದ್ದೆ.

ಹೀಗಿದ್ದೂ ನಾಲ್ಕನೇ ಐರಿಸ್ ತಂದೆ. ಹಳದಿಯದು. ಕೆರೆಯಂಚಿನ ಜಾತಿ, ಬೇರು ನೀರಿನಲ್ಲೇ ಇರಬೇಕು. ಇಲ್ಲಿ ಹೂ ಬಿಟ್ಟೀತೆಂದು ಹೇಳಲಾರೆ ಎಂದೇ ನರ್ಸರಿಯವರು ಕೊಟ್ಟಿದ್ದರು. ನೀರು ನಿಲ್ಲುವ ಜಾಗ ಇದ್ದದ್ದು ಒಂದೇ. ಬೇಡ ಎಂದ ಮೂಲೆ ಅದು ಎಂದು ಗೊತ್ತಿತ್ತು. ಆದರೆ ಗಡ್ಡೆ ಕೈಯಲ್ಲಿ ಹಿಡಿದಾಗ ಅದನ್ನು ಇನ್ನೆಲ್ಲಿಗೂ ಒಯ್ಯಲು ಆಗಲಿಲ್ಲ. ಅಲ್ಲಿ ಪಟ್ಟಿ ಇದೆಯೋ ಇಲ್ಲವೋ ನೋಡಲೇಬೇಕಿತ್ತು. ಇಲ್ಲದಿದ್ದರೆ ನಾನು ಬಿಡುಗಡೆಯಾದೆ ಎಂದು ಲೆಕ್ಕ.

ನವೆಂಬರಿನ ಒಂದು ಶನಿವಾರ. ಎರಡು ದಿನ ಹೊಡೆದ ಮಳೆ ಬೆಳಗಿನ ಜಾವ ನಿಂತಿತ್ತು. ಪ್ರಕಾಶ್ ಎಣ್ಣೂರಿಗೆ ಹೊರಟಾಗಿತ್ತು, ನಿಧಿ ಮಲಗಿದ್ದಳು. ಮೂಲೆಯಲ್ಲಿ ಕಣಕಾಲು ಮುಳುಗುವಷ್ಟು ನೀರು. ಕೆಸರಿಗೆ ಚಪ್ಪಲಿ ಜಾರುತ್ತದೆಂದು ಹೊಸ್ತಿಲಲ್ಲೇ ಬಿಟ್ಟೆ. ಒಂದು ಕೈಯಲ್ಲಿ ಗಡ್ಡೆ, ಇನ್ನೊಂದರಲ್ಲಿ ಗುದ್ದಲಿ. ದಾರಿಯ ಅರ್ಧಕ್ಕೆ ಹೋಗಿದ್ದೆ. ಮೇಲೆ ಇಂದಿರಮ್ಮ ಮೋಟಾರಿನ ಸ್ವಿಚ್ ಹಾಕಿದರು.

ನೆಲ ಅಲುಗಿದ ಹಾಗೆ ಕಂಡಿತು. ಮಣ್ಣಿನ ಮೇಲ್ಮೈಯೆಲ್ಲ ಒಮ್ಮೆಲೇ ಎದ್ದು ಹರಿಯಿತು. ಅವು ಎರೆಹುಳಗಳು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ನನ್ನ ಬರಿಗಾಲ ಬೆರಳುಗಳ ಮೇಲೆ ಹತ್ತಿ ಹಿಂದಕ್ಕೆ ಓಡುತ್ತಿದ್ದವು. ಓಡುವುದು ಎಂಬ ಮಾತು ಎರೆಹುಳಕ್ಕೆ ಹೊಂದುವುದಿಲ್ಲ, ಆದರೆ ಅವತ್ತು ಅವು ಓಡಿದವು. ಮೋಟಾರಿನ ತಗಡಿನ ಮೇಲೆ ಕೂತಿದ್ದ ಒಂದು ಕಪ್ಪೆ ನೀರಿಗೆ ನೆಗೆಯಿತು. ನೀರು ಮುಟ್ಟಿದ್ದೇ ತಡ ಅದರ ನಾಲ್ಕೂ ಕಾಲು ಕಡ್ಡಿಯ ಹಾಗೆ ಸೆಟೆದುಕೊಂಡವು. ಮಗುಚಿ, ಬಿಳಿ ಹೊಟ್ಟೆ ಮೇಲಾಗಿ, ತೇಲುತ್ತ ನನ್ನ ಕಡೆಗೆ ಬಂತು.

ನೀರಿನಂಚಿಗೂ ನನ್ನ ಹೆಬ್ಬೆರಳಿಗೂ ಒಂದು ಗೇಣು ಇದ್ದಿರಬಹುದು.

“ಅಮ್ಮಾ! ಮೋಟಾರ್ ಆಫ್ ಮಾಡಿ!” ಎಂದು ಕಿರುಚಿದೆ. ಸದ್ದಿನಲ್ಲಿ ಕೇಳಿಸಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು, ಹುಳಗಳನ್ನು ತುಳಿಯುತ್ತ, ಹೊಸ್ತಿಲಿಗೆ ಬಿದ್ದು ಮತ್ತೆ ಮತ್ತೆ ಕಿರುಚಿದೆ. ಕೊನೆಗೆ ಸದ್ದು ನಿಂತಿತು. ಇಂದಿರಮ್ಮ ಕಿಟಕಿಗೆ ಬಂದು ನನ್ನನ್ನೂ, ಮೂಲೆಯ ನೀರನ್ನೂ, ನನ್ನ ಕೈಯಲ್ಲಿದ್ದ ಗಡ್ಡೆಯನ್ನೂ ನೋಡಿದರು.

ಪ್ರಕಾಶ್‌ಗೆ ಫೋನ್ ಮಾಡಿದೆ. ಮೇನ್ ಆಫ್ ಮಾಡು, ಯಾರೂ ಹಿತ್ತಲಿಗೆ ಹೋಗಬೇಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಸೆಲ್ವಂ ಎಂಬ ಎಲೆಕ್ಟ್ರಿಷಿಯನ್ ಬಂದ. ಮನೆಯಿಂದ ಮೋಟಾರಿಗೆ ಹೋಗುವ ತಂತಿಯನ್ನು ಎಂದೋ ಒಂದು ಕಾಲದಲ್ಲಿ ಪೈಪು ಹಾಕದೆ ಬರಿ ಮಣ್ಣಿನಲ್ಲಿ ಹೂತಿದ್ದರು. ತಗ್ಗಿನಲ್ಲಿ ಅದರ ಮೈ ಸುಲಿದು ತಾಮ್ರ ಹಸಿರುಗಟ್ಟಿತ್ತು. ಒಣ ಮಣ್ಣಿನಲ್ಲಿ ಅಷ್ಟಾಗಿ ತಿಳಿಯದು, ನೀರು ನಿಂತರೆ ಮುಗಿಯಿತು ಎಂದ. ಅದನ್ನು ಎಳೆದು ತೆಗೆಯುವಾಗ ಮಣ್ಣಿನ ಜೊತೆ ಒಂದು ಅಲ್ಯೂಮಿನಿಯಂ ಪಟ್ಟಿಯೂ ಬಂತು. ನಾನು ಎತ್ತಿಕೊಂಡೆ. ಅದರಲ್ಲಿ ಏನೂ ಬರೆದಿರಲಿಲ್ಲ.

ಇಂದಿರಮ್ಮ ಹಿತ್ತಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ನನಗೆ ಎಲ್ಲ ಒಮ್ಮೆಲೇ ಅರ್ಥವಾಗಿತ್ತು. ಅರ್ಥವಾದ ಖುಷಿಯಲ್ಲಿ, ಹೌದು, ಖುಷಿಯಲ್ಲೇ, ಅವರ ಕೈ ಹಿಡಿದು ಹೇಳಿಬಿಟ್ಟೆ. “ಅಮ್ಮಾ, ಲಲಿತಾ ಅವರದ್ದು ಹಾರ್ಟ್ ಅಲ್ಲ! ನಿಮ್ಮ ಮಾತಿನಿಂದ ಅಲ್ಲವೇ ಅಲ್ಲ. ಈ ತಂತಿ. ಇಷ್ಟು ವರ್ಷ ಸುಮ್ಮನೆ ನಿಮ್ಮ ಮೇಲೆ ಹಾಕಿಕೊಂಡಿದ್ದೀರಿ.”

ಅವರ ಮುಖ ಹಗುರಾಗುತ್ತದೆಂದು ಕಾದೆ. ಅವರು ನನ್ನ ಕಡೆ ನೋಡದೆ ಸೆಲ್ವಂನನ್ನು ತಮಿಳಿನಲ್ಲಿ ಒಂದು ಪ್ರಶ್ನೆ ಕೇಳಿದರು. ಈ ಕರೆಂಟು ಯಾವಾಗಲೂ ನೀರಿನಲ್ಲಿ ಇರುತ್ತದೆಯೋ ಎಂದು.

“ಇಲ್ಲೆ ಮಾ. ಮೋಟಾರ್ ಓಡುಂಬೋದು ಮಟ್ಟುಂ,” ಎಂದ ಸೆಲ್ವಂ. ಓಡುವಾಗ ಮಾತ್ರ. “ಸ್ವಿಚ್ಚೇ ಹಾಕದಿದ್ದರೆ ಒಂದು ಮಗು ಕೂಡ ಅಲ್ಲಿ ಆಡಬಹುದು.”

ಇಂದಿರಮ್ಮ “ಸೆರಿ” ಎಂದು ತಲೆಯಾಡಿಸಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು.

ಎರಡು ದಿನ ಅವರು ಕೆಳಗಿಳಿಯಲಿಲ್ಲ. ಮೂರನೇ ದಿನ ನಾನು ಸಾರು ತೆಗೆದುಕೊಂಡು ಹೋದೆ. ಊಟದ ಮೇಜಿನ ಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ನಾನು ಕೊಟ್ಟವು ಮೂರು. ಉಳಿದ ಇಪ್ಪತ್ತು ಮೂವತ್ತು ಎಂದೋ ಅವರೇ ಆರಿಸಿಟ್ಟವು.

“ಕೂತ್ಕೋ ಭಾರತಿ,” ಎಂದರು. “ಆವತ್ತು ಆ ಮೂಲೆಗೆ ಸಿಮೆಂಟ್ ಹಾಕ್ಸೋದಕ್ಕೆ ನಾನು ಆಳಿಗೆ ಹೇಳಿದ್ದೆ. ಸೊಳ್ಳೆ ಅಂತ. ಅವಳು ಕೆಳಗಿಂದ ಕೂಗಿದಳು, ಬೇಡಕ್ಕಾ, ಹಳದಿ ಐರಿಸ್‌ಗೆ ಇರೋದು ಅದೊಂದೇ ಜಾಗ, ಇವತ್ತೇ ನೆಡ್ತೀನಿ ಅಂತ. ನನಗೆ ಕೋಪ. ಮದುವೆ ಇಲ್ಲ, ಮಕ್ಕಳಿಲ್ಲ, ಗಡ್ಡೆ ಕಟ್ಟಿಕೊಂಡೇ ಸಾಯಿ ಅಂದೆ.”

ಒಂದು ಪಟ್ಟಿಯನ್ನು ಎತ್ತಿ ಸಾಲಿನಲ್ಲಿ ನೇರ ಮಾಡಿ ಇಟ್ಟರು.

“ಅದಕ್ಕೆ ಅವಳು ಏನೋ ಹೇಳ್ತಾ ಇದ್ದಳು. ತಿರುಗಿ ಏನೋ ಹೇಳ್ತಾ ಇದ್ದಳು, ಭಾರತಿ. ನನಗೆ ಕೇಳೋದಕ್ಕೆ ಇಷ್ಟ ಇರಲಿಲ್ಲ. ಅವಳ ಮಾತು ಕೇಳಬಾರದು ಅಂತಲೇ ಮೋಟಾರ್ ಹಾಕಿದೆ. ನೀರು ತುಂಬೋ ಹೊತ್ತೇ ಆಗಿರಲಿಲ್ಲ ಅದು. ಟ್ಯಾಂಕ್ ತುಂಬಿ ಹರೀತು. ಆಮೇಲೆ ನಿಲ್ಲಿಸಿ ಕೆಳಗೆ ಹೋದೆ.”

ಆರಿಹೋಗುತ್ತಿದ್ದ ಸಾರಿನ ಪಾತ್ರೆಯನ್ನು ನೋಡುತ್ತ ಕೂತೆ. ಮೂರು ದಿನದ ಹಿಂದೆ ಅವರ ಹತ್ತಿರ ಒಂದು ಕೆಟ್ಟ ಮಾತಿತ್ತು. ಅದರ ಜೊತೆ ಹನ್ನೊಂದು ವರ್ಷ ಹೇಗೋ ಬದುಕಿದ್ದರು. ಅದನ್ನು ಕಿತ್ತುಕೊಂಡು ಅವರ ಕೈಗೆ ಸ್ವಿಚ್ ಕೊಟ್ಟವಳು ನಾನು. ನಿಮಗೆ ಗೊತ್ತಿರಲಿಲ್ಲವಲ್ಲ ಅಮ್ಮಾ ಎಂದೆ.

“ಗೊತ್ತಿರಲಿಲ್ಲ,” ಎಂದರು. “ಅದು ನಿಜ. ಯಾರಿಗೂ ಹೇಳ್ಬೇಡ. ನಾನಿರೋವರೆಗೂ.” ಆಮೇಲೆ ನನ್ನ ಮುಖ ನೋಡಿ, “ನಿನ್ನನ್ನ ಅವಳು ಅಲ್ಲಿಗೆ ಕರೆದದ್ದಾ, ಅಲ್ಲಿಂದ ತಳ್ಳಿದ್ದಾ? ನಿನಗೇನನ್ನಿಸ್ತದೆ?” ಎಂದರು.

ಸಾರಿನ ಪಾತ್ರೆಯನ್ನು ಅವರ ಕಡೆ ಸರಿಸಿದೆ. ಆ ಪ್ರಶ್ನೆ ಈಗಲೂ ನನ್ನ ಜೊತೆಗಿದೆ.

ಸೆಲ್ವಂ ಹೊಸ ತಂತಿಯನ್ನು ಗೋಡೆಯ ಮೇಲೆ ಪೈಪಿನಲ್ಲಿ ಒಯ್ದ. ಸ್ವಿಚ್ಚನ್ನು ಕೆಳಗೆ, ನಮ್ಮ ಅಡುಗೆಮನೆಯ ಹೊರಗೋಡೆಗೆ ಹಾಕಿದ. ಕರೆಂಟು ಸೋರಿದರೆ ತಾನಾಗಿ ಬೀಳುವ ಉಪಕರಣವನ್ನು ಪ್ರಕಾಶ್ ತಾವೇ ನಿಂತು ಜೋಡಿಸಿದರು. ಹಳದಿ ಐರಿಸ್ ಅನ್ನು ಆ ತಗ್ಗಿನಲ್ಲೇ ನೆಟ್ಟೆ. ನೆಡು ಎಂದು ಇಂದಿರಮ್ಮನೇ ಹೇಳಿದ್ದರು. ನಾವು ಅಲ್ಲಿದ್ದಷ್ಟು ದಿನ ಅದು ಆಳೆತ್ತರ ಎಲೆ ಬಿಟ್ಟಿತೇ ಹೊರತು ಹೂವು ಬಿಡಲಿಲ್ಲ. ಮೋಟಾರು ಹಾಕುವ ಕೆಲಸ ನನ್ನದಾಯಿತು. ಇಂದಿರಮ್ಮ ಆಮೇಲೆ ಯಾವತ್ತೂ ಅದನ್ನು ಮುಟ್ಟಲಿಲ್ಲ.

ಮೊದಲ ದಿನ ಬೆಳಗ್ಗೆ ಆರಕ್ಕೆ ಸ್ವಿಚ್ಚಿನ ಮೇಲೆ ಬೆರಳಿಟ್ಟು, “ಹಾಕಲಾ ಅಮ್ಮಾ?” ಎಂದು ಕೂಗಿದೆ. ಅವರು ಕಿಟಕಿಗೆ ಬಂದರು. ಹನ್ನೊಂದು ವರ್ಷ ನೋಡದೆ ತಪ್ಪಿಸಿಕೊಂಡಿದ್ದ ಮೂಲೆಯನ್ನು ನೇರವಾಗಿ ನೋಡಿದರು. ನೋಡುತ್ತಲೇ ನಿಂತರು. ನಿಧಿಯನ್ನು ಶಾಲೆಗೆ ಎಬ್ಬಿಸುವ ಹೊತ್ತಾಗುತ್ತಿತ್ತು.

“ಯಾರೂ ಇಲ್ಲಮ್ಮಾ ಅಲ್ಲಿ. ಹಾಕಲಾ?”

“ಇರು ಮಾ,” ಎಂದರು ಮೆಲ್ಲಗೆ. “ಅವಳು ಮಾತು ಮುಗಿಸಲಿ.”

ಬೆರಳು ಹಾಗೇ ಇಟ್ಟುಕೊಂಡು ನಿಂತೆ. ಮೂಲೆಯಲ್ಲಿ ಹೊಸ ಎಲೆಗಳು ಅಲ್ಲಾಡುತ್ತಿದ್ದವು. ನನಗೇನೂ ಕೇಳಿಸುತ್ತಿರಲಿಲ್ಲ. ಮೇಲೆ ಇಂದಿರಮ್ಮ ಕಿಟಕಿಯ ಕಂಬಿಗೆ ಕಿವಿ ಒತ್ತಿ, ನಡುನಡುವೆ ತಲೆದೂಗುತ್ತ, ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಹ್ಞಾಂ. ಈಗ ಹಾಕು,” ಎಂದರು.